ನೌಕರರ ಸಂಘ ಅಂದ್ರೆ ಸರ್ಕಾರಗಳು ಯಾಕಿಷ್ಟು ಬಗ್ಗುತ್ತವೆ?

ಕಲ್ಪತರು ನಾಡು

2023ರ ಮಾರ್ಚ್ 1 ನೆನಪಿದೆಯಾ? ಸಂಬಳ ಏರಿಸಿ, ಹಳೇ ಪಿಂಚಣಿ (ನೌಕರರು ಏನೂ ಕಟ್ಟದೆ ಸಿಗೋ ಖಾತ್ರಿ ಪಿಂಚಣಿ) ವಾಪಸ್ ಕೊಡಿ ಅಂತ ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ಬೆಳಿಗ್ಗೆ ಕಚೇರಿಗಳು ಖಾಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ತುರ್ತು ಸೇವೆ ಬಿಟ್ಟು ಉಳಿದದ್ದಕ್ಕೆ ಪೆಟ್ಟು. ಹಿಂದಿನ ದಿನ ಮುಖ್ಯಮಂತ್ರಿ ಬೊಮ್ಮಾಯಿ ಬಾಯಿಮಾತಲ್ಲಿ ಭರವಸೆ ಕೊಟ್ಟಿದ್ದರು, ಸಂಘ ಒಪ್ಪಿರಲಿಲ್ಲ, ಆದೇಶ ಬೇಕು ಅಂತ ಪಟ್ಟು. ಅವತ್ತೇ ಆದೇಶ ಬಂತು: ಮೂಲ ವೇತನದ ಶೇ 17 ಮಧ್ಯಂತರ ಪರಿಹಾರ. ಹಳೇ ಪಿಂಚಣಿ ಬಗ್ಗೆ ಅಧ್ಯಯನಕ್ಕೆ ಒಂದು ಸಮಿತಿಯೂ ಆಯಿತು. ಅನಿರ್ದಿಷ್ಟಾವಧಿ ಮುಷ್ಕರ ಒಂದು ದಿನ ಪೂರ್ತಿ ನಡೆಯಲಿಲ್ಲ.

ನನ್ನ ಪ್ರಶ್ನೆ ಸರಳ. ರಾಜ್ಯದಲ್ಲಿ ಕೆಲಸದಲ್ಲಿರುವ ಸರ್ಕಾರಿ ನೌಕರರು 5 ಲಕ್ಷ ಚಿಲ್ಲರೆ. 2023ರಲ್ಲಿ ಮತದಾರರು 5 ಕೋಟಿ 30 ಲಕ್ಷದ ಹತ್ತಿರ. ಅಂದರೆ ನೂರಕ್ಕೆ ಒಬ್ಬರು. ಮನೆಮಂದಿನೆಲ್ಲ ಸೇರಿಸಿಕೊಂಡರೂ ನಾಲ್ಕು ದಾಟೋದು ಕಷ್ಟ. ನಮ್ಮ ಕಡೆ ತೆಂಗು ಬೆಳೆಗಾರರು ಕೊಬ್ಬರಿ ಬೆಲೆ ಬಿತ್ತು ಅಂತ ವಾರಗಟ್ಟಲೆ ಧರಣಿ ಕೂತರೂ ಒಬ್ಬ ಅಧಿಕಾರಿ ಬಂದು ಮನವಿ ಇಸ್ಕೊಂಡು ಹೋದರೆ ಅದೇ ದೊಡ್ಡ ವಿಷಯ. ಇವರಿಗೆ ಮಾತ್ರ ಅರ್ಧ ದಿನದಲ್ಲಿ ಆದೇಶ. ಇದು ಮತದ ಬಲವಾ? ಇಲ್ಲ ಇನ್ನೇನು?

ನಾನು ನೌಕರರ ವಿರೋಧಿ ಅಲ್ಲ. ಮನೆಯಲ್ಲೇ ಇಬ್ಬರಿದ್ದಾರೆ. ಬೈಗುಳ ಬೇಡ, ಗೊತ್ತಿರೋದು ಹೇಳಿ.

ಖಜಾನೆ ನಿವೃತ್ತ

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ, ಆಮೇಲೆ ರಾಜಕೀಯ.

7ನೇ ವೇತನ ಆಯೋಗ, ಅಂದರೆ ನಿವೃತ್ತ ಮುಖ್ಯ ಕಾರ್ಯದರ್ಶಿ ಸುಧಾಕರ್ ರಾವ್ ಅವರ ಆಯೋಗ, ಶೇ 27.5 ಫಿಟ್‌ಮೆಂಟ್ (ಹಳೇ ಮೂಲ ವೇತನಕ್ಕೆ ಸೇರಿಸುವ ಏರಿಕೆಯ ಪ್ರಮಾಣ) ಶಿಫಾರಸು ಮಾಡಿತು. ಪೇಪರಿನಲ್ಲಿ ಬಂದದ್ದು "ನೌಕರರಿಗೆ ಶೇ 27.5 ಸಂಬಳ ಏರಿಕೆ" ಅಂತ. ಓದಿದವರು ಕೈಗೆ ಬರುವ ಸಂಬಳವೇ ಅಷ್ಟು ಏರಿತು ಅಂದುಕೊಂಡರು. ಆದದ್ದು ಏನು ನೋಡಿ. ಕನಿಷ್ಠ ಮೂಲ ವೇತನ 17,000. ಅದಕ್ಕೆ 2022ರ ಜುಲೈ 1ರಂದು ಇದ್ದ ತುಟ್ಟಿಭತ್ಯೆ ಶೇ 31, ಅಂದರೆ 5,270. ಆಮೇಲೆ ಮೂಲ ವೇತನದ ಶೇ 27.5, ಅಂದರೆ 4,675. ಒಟ್ಟು 26,945, ಹೊಸ ಕನಿಷ್ಠ 27,000. ತುಟ್ಟಿಭತ್ಯೆ ಹೇಗೂ ಸಿಗುತ್ತಿದ್ದದ್ದು. ನಿಜವಾದ ಏರಿಕೆ ಶೇ 21. ಅದೂ ಐದು ವರ್ಷಕ್ಕೆ ಸೇರಿ. ಅದರಲ್ಲೂ ಶೇ 17 ಮಧ್ಯಂತರ ಪರಿಹಾರವಾಗಿ 2023ರ ಏಪ್ರಿಲ್‌ನಿಂದಲೇ ಬರುತ್ತಿತ್ತು. 2024ರ ಆಗಸ್ಟ್‌ನಲ್ಲಿ ಹೊಸದಾಗಿ ಸಿಕ್ಕಿದ್ದು ಹಳೇ ಮೂಲ ವೇತನದ ಶೇ 10.5 ಮತ್ತು ಅದರ ಮೇಲಿನ ಮನೆ ಬಾಡಿಗೆ ಭತ್ಯೆ ಇತ್ಯಾದಿ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿಲ್ಲ. ವೇತನ ನಿಗದಿ 2022ರ ಜುಲೈ 1ರಿಂದ, ಹಣ ಮಾತ್ರ 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳಲ್ಲಿ ನಿವೃತ್ತರಾದವರಿಗೆ ಉಪದಾನ (ಗ್ರಾಚ್ಯುಯಿಟಿ), ಪರಿವರ್ತಿತ ಪಿಂಚಣಿ (ಒಟ್ಟಿಗೆ ಮುಂಗಡವಾಗಿ ಪಡೆಯುವ ಪಿಂಚಣಿಯ ಭಾಗ), ಗಳಿಕೆ ರಜೆ ನಗದೀಕರಣ ಎಲ್ಲ ಹಳೇ ದರದಲ್ಲೇ. ಒಬ್ಬೊಬ್ಬರಿಗೆ ಲಕ್ಷಗಳ ಲೆಕ್ಕದಲ್ಲಿ ವ್ಯತ್ಯಾಸ. ಆ ಜನ ಊರೂರಲ್ಲಿ ಸಭೆ ಮಾಡಿ ಮನವಿ ಕೊಟ್ಟರು. ನಿವೃತ್ತರ ಮನವಿಗೆ ಮುಷ್ಕರದ ಬಲ ಎಲ್ಲಿಂದ ಬರಬೇಕು? "ಬಗ್ಗುತ್ತವೆ" ಅನ್ನುವ ಮುಂಚೆ ಇದನ್ನೂ ಬರೆದುಕೊಳ್ಳಿ.

ಪೇಡೆ ಅಂಗಡಿ

ಲೆಕ್ಕ ಖರೆ ಐತ್ರಿ ಸರ. ಆದ್ರ ಮಂದಿ ಸಿಟ್ಟು ಪಗಾರದ ಮ್ಯಾಲೆ ಅಂತ ಯಾರ್ ಹೇಳಿದ್ರು? ಸಿಟ್ಟಿರೋದು ಅಡ್ಡಾಡಿಸೋದರ ಮ್ಯಾಲೆ. ಅಪ್ಪನ ಹೆಸರಿಂದ ನನ್ನ ಹೆಸರಿಗೆ ಖಾತೆ ಮಾಡಿಸಾಕ ಚಪ್ಪಲಿ ಸವದ್ವು. ಯಾವ ಕಚೇರಿ ಅಂತ ಬ್ಯಾಡ ಬಿಡ್ರಿ, ಎಲ್ಲಾ ಕಡೆ ಅದ ಹಾಡು.

2011ರಾಗ ಸಕಾಲ ಕಾಯ್ದೆ ಮಾಡಿದ್ರು. ತಡ ಆದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500 ರೂಪಾಯಿ ಅರ್ಜಿದಾರಗ ಕೊಡಬೇಕು, ತಡ ಮಾಡಿದವರ ಪಗಾರದಾಗ ಮುರಕೋಬೇಕು ಅಂತ ಐತಿ. ಇಲ್ಲಿ ಇಷ್ಟ ಮಂದಿ ಇದ್ದೀರಿ, ಆ 20 ರೂಪಾಯಿ ಯಾರ್ ಇಸ್ಕೊಂಡೀರಿ, ಕೈ ಎತ್ರಿ ನೋಡೂಣು. ವೇತನ ಆಯೋಗದ ವರದಿ ಜಾರಿ ಆಗಲಿಲ್ಲ ಅಂತ ಮುಷ್ಕರಕ್ಕ ನಿಲ್ಲೋ ಸಂಘ, ಸಕಾಲ ಸರಿಯಾಗಿ ಜಾರಿ ಆಗಲಿ ಅಂತ ಒಂದ ದಿನ ಕಪ್ಪು ಪಟ್ಟಿ ಕಟ್ಟಿದ್ದು ನಾ ಅಂತೂ ನೋಡಿಲ್ಲ.

ಹೋಬಳಿ ಕಥೆ

ಪೇಡೆಯಣ್ಣ, ನಿಮ್ಮ ಸಿಟ್ಟು ಬರೋದು ನನ್ನಂಥವರ ಮೇಲೇನೇ. ನಾನು ಗ್ರಾಮ ಆಡಳಿತ ಅಧಿಕಾರಿ. ಜನ ಈಗಲೂ ಕರೆಯೋದು ಶಾನುಭೋಗ್ರು, ವಿಎ ಅಂತ.

2024ರ ಸೆಪ್ಟೆಂಬರ್‌ನಲ್ಲಿ ನಾವು ಮುಷ್ಕರ ಮಾಡಿದ್ವಿ, 2025ರ ಫೆಬ್ರುವರಿಯಲ್ಲಿ ಮತ್ತೆ ಮಾಡಿದ್ವಿ. ಸಂಬಳ ಶ್ರೇಣಿ ಬೇಡಿಕೆ ಇತ್ತು, ಸುಳ್ಳು ಹೇಳಲ್ಲ. ಆದರೆ ಪಟ್ಟಿಯಲ್ಲಿ ದೊಡ್ಡದಾಗಿ ಇದ್ದದ್ದು: ಕೂರೋಕೆ ಕೋಣೆ ಕೊಡಿ, ಮೇಜು ಕುರ್ಚಿ ಕೊಡಿ, ಹತ್ತಾರು ಆ್ಯಪ್‌ನಲ್ಲಿ ಕೆಲಸ ಮಾಡಿ ಅನ್ನೋರು ಒಂದು ಲ್ಯಾಪ್‌ಟಾಪ್, ಒಂದು ಒಳ್ಳೇ ಮೊಬೈಲ್ ಕೊಡಿ. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಹಳೇ ದಾಖಲೆ ಸ್ಕ್ಯಾನಿಂಗ್, ಮಳೆ ಬಂದರೆ ಮನೆಹಾನಿ, ಚುನಾವಣೆ ಬಂದರೆ ಅದು. ಮುಷ್ಕರ ಮಾಡಿದ ಮೇಲೇ ಊರಿಗೆ ಗೊತ್ತಾಗಿದ್ದು, ಇವರಿಗೆ ಕುರ್ಚಿನೂ ಇಲ್ಲ ಅಂತ.

ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ನೀವು ಹೋದ ಕಚೇರಿಯಲ್ಲಿ ಮೂರು ಮೇಜಿನ ಕೆಲಸ ಒಬ್ಬನೇ ಮಾಡ್ತಿರ್ತಾನೆ. ದುಡ್ಡು ಕೇಳಿದವನನ್ನ ಲೋಕಾಯುಕ್ತಕ್ಕೆ ಹಿಡ್ಕೊಡಿ, ನಾನೇ ಬಂದು ಸಾಕ್ಷಿ ಹೇಳ್ತೀನಿ. ಆದರೆ ತಡ ಆದದ್ದೆಲ್ಲ ಲಂಚಕ್ಕೆ ಅನ್ಬೇಡಿ.

ಪೇಡೆ ಅಂಗಡಿ

ಕುರ್ಚಿ ಬೇಡಿಕೆಗೆ ನನ್ನ ಬೆಂಬಲ ಐತಿ. ಆದ್ರ ಖಾಲಿ ಹುದ್ದೆ ತುಂಬ್ರಿ ಅಂತ ದೊಡ್ಡ ಸಂಘ ಮುಷ್ಕರ ಯಾಕ ಮಾಡೂದಿಲ್ಲ? ಡಿಎ ಒಂದ ತಿಂಗಳ ತಡ ಆದ್ರ ಮನವಿ ಹೋಗತೈತಿ.

ಸರಯೂ ಬಿ

ಚರ್ಚೆ ಶುರು ಮಾಡಿದವರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಮತದ ಬಲವಾ? ನನ್ನ ಉತ್ತರ: ಅಲ್ಲ. ಅಥವಾ ರಾಜಕಾರಣಿಗಳು ಅಂದುಕೊಂಡಷ್ಟು ಖಂಡಿತ ಅಲ್ಲ.

2018 ತಗೊಳ್ಳಿ. 6ನೇ ವೇತನ ಆಯೋಗದ ಶಿಫಾರಸನ್ನು, ಶೇ 30 ಫಿಟ್‌ಮೆಂಟ್, ಸಿದ್ದರಾಮಯ್ಯ ಸರ್ಕಾರ ಚುನಾವಣೆಗೆ ಮುಂಚೆ ಒಪ್ಪಿ ಜಾರಿ ಮಾಡಿತು. ಮೇನಲ್ಲಿ ಕಾಂಗ್ರೆಸ್ 122ರಿಂದ 80ರ ಆಸುಪಾಸಿಗೆ ಕುಸಿಯಿತು. 2023 ತಗೊಳ್ಳಿ. ಬೊಮ್ಮಾಯಿ ಮಾರ್ಚ್‌ನಲ್ಲಿ ಶೇ 17 ಕೊಟ್ಟರು, ಮೇನಲ್ಲಿ ಬಿಜೆಪಿಗೆ 66 ಸ್ಥಾನ. ಕೊಟ್ಟವರಿಬ್ಬರೂ ಸೋತರು.

ಹೊರಗೆ ನೋಡಿ. ರಾಜಸ್ಥಾನದಲ್ಲಿ ಗೆಹ್ಲೋಟ್ 2022ರ ಬಜೆಟ್‌ನಲ್ಲಿ ಹಳೇ ಪಿಂಚಣಿ ವಾಪಸ್ ತಂದರು. ಛತ್ತೀಸಗಢದಲ್ಲಿ ಬಘೇಲ್ ಅದನ್ನೇ ಮಾಡಿದರು. 2023ರ ಡಿಸೆಂಬರ್‌ನಲ್ಲಿ ಇಬ್ಬರೂ ಮನೆಗೆ. ಪಕ್ಕದ ಮಧ್ಯಪ್ರದೇಶದಲ್ಲಿ ಹಳೇ ಪಿಂಚಣಿ ಕೊಡದ ಬಿಜೆಪಿ ಭಾರಿ ಬಹುಮತದಲ್ಲಿ ಗೆದ್ದಿತು. ಹಳೇ ಪಿಂಚಣಿ ಭರವಸೆ ಕೊಟ್ಟು ಗೆದ್ದರು ಅನ್ನೋಕೆ ಹಿಮಾಚಲ ಒಂದೇ ಎಲ್ಲರ ಬಾಯಲ್ಲಿ ಉದಾಹರಣೆ. ಅದು ಚಿಕ್ಕ ರಾಜ್ಯ, ನೌಕರಿ ಬಿಟ್ಟರೆ ಬೇರೆ ದುಡಿಮೆ ಕಡಿಮೆ, ಊರೂರಲ್ಲಿ ನೌಕರರ ಮನೆಗಳು. ಅಲ್ಲಿ ಕೆಲಸ ಮಾಡಿದ್ದು ಇಲ್ಲಿ ಮಾಡುತ್ತೆ ಅನ್ನೋಕೆ ಆಧಾರವಿಲ್ಲ.

ಹೊಸೂರು ರಸ್ತೆ

ಸರಯೂ ಅವರೇ, ತಮಿಳುನಾಡು ಬಿಟ್ಟುಬಿಟ್ಟಿರಿ. ನಾನು ಆಗ ಚೆನ್ನೈನಲ್ಲಿದ್ದೆ.

2003ರ ಜುಲೈ. ಪಿಂಚಣಿ ಸವಲತ್ತು ಕಡಿತ ವಿರೋಧಿಸಿ ನೌಕರರು, ಶಿಕ್ಷಕರು ಮುಷ್ಕರಕ್ಕೆ ಇಳಿದರು. ಜಯಲಲಿತಾ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಥರದ ರಾಜ್ಯದ ಕಾಯ್ದೆ ಬಿಗಿ ಮಾಡಿ ಸುಮಾರು 1 ಲಕ್ಷ 70 ಸಾವಿರ ಜನರನ್ನು ವಜಾ ಮಾಡಿದರು. ನೋಟಿಸ್ ಇಲ್ಲ, ವಿಚಾರಣೆ ಇಲ್ಲ. ರಾತ್ರೋರಾತ್ರಿ ಮನೆಗೆ ಪೊಲೀಸರು. ಸುಪ್ರೀಂ ಕೋರ್ಟ್‌ಗೆ ಹೋಯಿತು. ಆಗಸ್ಟ್‌ನಲ್ಲಿ ರಂಗರಾಜನ್ ಪ್ರಕರಣದ ತೀರ್ಪು: ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲ, ಶಾಸನದ ಹಕ್ಕಿಲ್ಲ, ನೈತಿಕ ಹಕ್ಕೂ ಇಲ್ಲ. ಕ್ಷಮೆ ಕೇಳಿ ಮುಚ್ಚಳಿಕೆ ಬರೆದುಕೊಟ್ಟವರನ್ನು ವಾಪಸ್ ತಗೊಂಡರು. ಅವತ್ತು ನನ್ನ ಆಫೀಸಿನಲ್ಲಿ, ಖಾಸಗಿ ಕಂಪನಿ, ಸ್ವೀಟ್ ಹಂಚಿದವರಿದ್ದರು. ಜನರಿಗೆ ಅಷ್ಟು ಸಿಟ್ಟಿತ್ತು ನೌಕರರ ಮೇಲೆ.

ಆದರೆ 2004ರ ಲೋಕಸಭೆಯಲ್ಲಿ ಎಐಎಡಿಎಂಕೆ ಕೂಟಕ್ಕೆ 39ರಲ್ಲಿ ಸೊನ್ನೆ. ಫಲಿತಾಂಶ ಬಂದ ವಾರದೊಳಗೆ ಜಯಲಲಿತಾ ತಮ್ಮ ಎಷ್ಟೋ ನಿರ್ಧಾರ ವಾಪಸ್ ತಗೊಂಡರು, ನೌಕರರ ಮೇಲಿನ ಕ್ರಮವೂ ಸೇರಿ. ಬರ, ಡಿಎಂಕೆ ಮೈತ್ರಿ, ಅದು ಇದು ಅಂತ ಕಾರಣ ನೂರಿರಬಹುದು. ಆದರೆ ಅವರೇ ವಾಪಸ್ ತಗೊಂಡರು ಅಂದರೆ ಅವರೇ ಏನು ನಂಬಿದ್ದರು ಅಂತ ಗೊತ್ತಾಗಲ್ವಾ? ಆಮೇಲೆ ಯಾವ ಮುಖ್ಯಮಂತ್ರಿಯೂ ಆ ಪ್ರಮಾಣದ ವಜಾಕ್ಕೆ ಕೈ ಹಾಕಿಲ್ಲ.

ಸರಯೂ ಬಿ

ಒಪ್ಪುತ್ತೇನೆ, ಆದರೆ ನೀವು ಹೇಳಿದ್ದು ನಂಬಿಕೆಯ ಬಗ್ಗೆ. ಸಂಬಳ ಏರಿಸಿದರೆ ಗೆಲ್ಲುತ್ತಾರೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲಿ ಪುರಾವೆ ಇಲ್ಲ. ಕೆಣಕಿದರೆ ಸೋಲುತ್ತೇವೆ ಅನ್ನುವ ಭಯ ಇದೆ. ಕೃತಜ್ಞತೆಗೆ ಯಾರೂ ವೋಟು ಹಾಕಲ್ಲ, ಸಿಟ್ಟಿಗೆ ಹಾಕ್ತಾರೆ.

ರೂಟ್ ಬೋರ್ಡು

ಭಯ ಅಂತೆ. ನಮ್ಮನ್ನ ಕಂಡರೆ ಯಾವ ಸರ್ಕಾರಕ್ಕೆ ಭಯ ಇತ್ತು ಹೇಳಿ?

2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ. ಕೇಳಿದ್ದು ಒಂದೇ, 6ನೇ ವೇತನ ಆಯೋಗದ ಸಮಾನ ಸಂಬಳ. ಎರಡು ವಾರ ನಿಲ್ಲಿಸಿದ್ವಿ. ಖಾಸಗಿ ಬಸ್ಸು ಬಿಟ್ಟರು, ಎಸ್ಮಾ ಅಂದರು, ತರಬೇತಿ ನೌಕರರನ್ನ ಮನೆಗೆ ಕಳಿಸಿದರು, ಎಷ್ಟೋ ಜನಕ್ಕೆ ಅಮಾನತು, ವಜಾ, ದೂರದ ಡಿಪೋಗೆ ವರ್ಗ. ಹೈಕೋರ್ಟ್ ಹೇಳಿದ ಮೇಲೆ ಕೊರೊನಾ ಎರಡನೇ ಅಲೆ ನಡುವೆ ಬರಿಗೈಲಿ ಡ್ಯೂಟಿಗೆ ಹೋದ್ವಿ. ಮತ್ತೆ 2025ರ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿ ಕೇಳಿ ಇಳಿದ್ವಿ. ಅವತ್ತೇ ಕೋರ್ಟ್ ನಿಲ್ಲಿಸಿ ಅಂತು, ನಿಲ್ಲಿಸಿದ್ವಿ.

ಜನಕ್ಕೆ ನಾವೂ ಸರ್ಕಾರಿ ನೌಕರರೇ. ಸರ್ಕಾರಕ್ಕೆ ನಾವು ನಿಗಮದ ನೌಕರರು. ಟಿಕೆಟ್ ಕೊಡುವಾಗ ಬೈಗುಳ ಸರ್ಕಾರದ ಲೆಕ್ಕದಲ್ಲಿ, ಸಂಬಳ ನಿಗಮದ ಲೆಕ್ಕದಲ್ಲಿ.

ಕಲ್ಪತರು ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಲಕ್ಷಕ್ಕೂ ಹೆಚ್ಚು ಜನ ಎರಡು ವಾರ ಬಸ್ಸು ನಿಲ್ಲಿಸಿದರೂ ಆಗದ್ದು, ಅವರಿಗೆ ಅರ್ಧ ದಿನದಲ್ಲಿ ಆಯ್ತು. ನಾವು ಇಳಿದಾಗ ವಿಧಾನಸಭೆ ಚುನಾವಣೆಗೆ ಎರಡು ವರ್ಷ ಇತ್ತು. ಅವರು ಇಳಿದಾಗ ಎರಡು ತಿಂಗಳು ಇತ್ತು.

ಖಜಾನೆ ನಿವೃತ್ತ

ಕಾಲ ನೋಡಿ ಇಳಿದರು ಅನ್ನೋದು ಅರ್ಧ ನಿಜ. 2024ರ ಜುಲೈ ನೋಡಿ. ವರದಿ ಮಾರ್ಚ್‌ನಲ್ಲೇ ಸರ್ಕಾರದ ಕೈ ಸೇರಿತ್ತು. ಲೋಕಸಭೆ ಚುನಾವಣೆ ಮುಗಿದಿತ್ತು, ಹತ್ತಿರದಲ್ಲಿ ದೊಡ್ಡ ಚುನಾವಣೆ ಇರಲಿಲ್ಲ. ಜುಲೈ 29ರಿಂದ ಮುಷ್ಕರ ಅಂತ ಸಂಘ ಹೇಳಿತು. 15ರ ಸಂಪುಟ ಸಭೆಯಲ್ಲೇ ತೀರ್ಮಾನ ಆಯಿತು, ಆಗಸ್ಟ್ 1ರಿಂದ ಜಾರಿ. ವರ್ಷಕ್ಕೆ ಹೆಚ್ಚುವರಿ ಹೊರೆ 20,208 ಕೋಟಿ ಅಂತ ಮುಖ್ಯಮಂತ್ರಿಯೇ ಹೇಳಿದರು. ಗ್ಯಾರಂಟಿಗಳಿಗೆ ಒಂದು ವರ್ಷಕ್ಕೆ ತೆಗೆದಿಡುವುದು 51 ಸಾವಿರ ಕೋಟಿಯ ಹತ್ತಿರ. ಅಷ್ಟು ದೊಡ್ಡ ಖರ್ಚಿನ ನಡುವೆ, ಚುನಾವಣೆಯ ಒತ್ತಡವೂ ಇಲ್ಲದಾಗ ಕೊಟ್ಟರು.

ಯಾಕೆ? ಆ ಗ್ಯಾರಂಟಿಯ ಅರ್ಜಿ ತುಂಬಿಸಿದವರು, ಪಟ್ಟಿ ಮಾಡಿದವರು, ಹಣ ಹಾಕಿದವರು ಯಾರು? ಯಾವ ಸರ್ಕಾರ ಬಂದರೂ ಅದರ ಹೆಸರು ಉಳಿಸುವ ಯೋಜನೆ ಕೊನೆಗೆ ಒಂದು ಮೇಜಿನ ಮೇಲೆ ಬಂದು ಕೂರುತ್ತೆ. ಆ ಮೇಜಿನವರು ಮುಷ್ಕರವನ್ನೇ ಮಾಡಬೇಕಿಲ್ಲ. ನಿಯಮದ ಪ್ರಕಾರ ನಿಧಾನವಾಗಿ ಕೆಲಸ ಮಾಡಿದರೆ ಸಾಕು. ಒಳಗಿದ್ದವನಾಗಿ ಹೇಳ್ತಿದ್ದೀನಿ, ಮಂತ್ರಿಗಳಿಗೆ ಇದು ಚೆನ್ನಾಗಿ ಗೊತ್ತು.

ಚಂದ್ರಗಿರಿ ದಡ

ಕಾಸರಗೋಡಿನಿಂದ. ನಿಮ್ಮಲ್ಲಿ ಒಂದು ವಿಚಿತ್ರ ಉಂಟು, ಅದು ನಿಮಗೆ ಅಭ್ಯಾಸ ಆಗಿ ಕಾಣುವುದಿಲ್ಲ.

ನಮ್ಮಲ್ಲಿ, ಅಂದರೆ ಕೇರಳದಲ್ಲಿ, ಎನ್‌ಜಿಒ (ಗೆಜೆಟೆಡ್ ಅಲ್ಲದ ಸರ್ಕಾರಿ ನೌಕರರು) ಯೂನಿಯನ್ ಅಂದರೆ ಎಡಪಕ್ಷದ ಕಡೆ, ಎನ್‌ಜಿಒ ಅಸೋಸಿಯೇಷನ್ ಅಂದರೆ ಕಾಂಗ್ರೆಸ್ ಕಡೆ. ಅಧ್ಯಾಪಕರಲ್ಲಿಯೂ ಹಾಗೆಯೇ. ಯಾರು ಯಾರ ಕಡೆ ಅಂತ ಆಫೀಸಿನ ಜವಾನನಿಂದ ಹಿಡಿದು ಅರ್ಜಿ ಕೊಡಲು ಬಂದವರವರೆಗೆ ಎಲ್ಲರಿಗೂ ಗೊತ್ತು. 2002ರಲ್ಲಿ ಆ್ಯಂಟನಿ ಸರ್ಕಾರ ರಜೆ ಸರೆಂಡರ್ (ಉಳಿದ ರಜೆಗೆ ಹಣ ಪಡೆಯುವುದು) ಮುಂತಾದ ಸವಲತ್ತು ಕಡಿತ ಮಾಡಿದಾಗ ಎಲ್ಲ ಬಣಗಳೂ ಒಟ್ಟಾಗಿ 32 ದಿನ ಮುಷ್ಕರ ನಡೆಯಿತು. ಅಂಥದು ಅಪರೂಪ. ಸಾಮಾನ್ಯವಾಗಿ ತಮ್ಮ ಪಕ್ಷದ ಸರ್ಕಾರ ಇದ್ದರೆ ಯೂನಿಯನ್ ತಣ್ಣಗೆ, ಎದುರು ಪಕ್ಷ ಬಂದರೆ ಬಿಸಿ.

ನಿಮ್ಮಲ್ಲಿ ಕಬ್ಬನ್ ಪಾರ್ಕಿನಲ್ಲಿ ಕಚೇರಿ ಇರುವ ಒಂದೇ ದೊಡ್ಡ ಸಂಘ. ಅದಕ್ಕೆ ಪಕ್ಷ ಇಲ್ಲ. ಆದ್ದರಿಂದ ಯಾರು ಅಧಿಕಾರದಲ್ಲಿದ್ದಾರೋ ಅವರ ವೇದಿಕೆಗೆ ಹೋಗಿ ಶಾಲು ಹೊದಿಸಲಿಕ್ಕೆ ತೊಂದರೆ ಇಲ್ಲ. ಮುಖ್ಯಮಂತ್ರಿ ಬದಲಾದರೆ ಶಾಲು ಅದೇ, ಹೆಗಲು ಬೇರೆ. ನಮ್ಮ ಪದ್ಧತಿ ಒಳ್ಳೆಯದು ಅಂತ ನಾನು ಹೇಳುವುದಿಲ್ಲ, ಕಚೇರಿಯಲ್ಲಿ ಬಣ ರಾಜಕೀಯ ಸಾಕಷ್ಟು ಉಂಟು. ಆದರೆ ಯಾರು ಯಾರ ಪರ ಅಂತ ಹೊರಗಿನವನಿಗೆ ತಿಳಿಯುತ್ತದೆ. ನಿಮ್ಮಲ್ಲಿ ತಿಳಿಯುವುದಿಲ್ಲ.

ಗಡಿಶಾಲೆ ಮೇಷ್ಟ್ರು

ಪಕ್ಷ ಇಲ್ಲ ಅಂದ್ರಾ! ಸಂಘದ ಚುನಾವಣೆ ನಡೆಯುವಾಗ ಒಂದು ಸಲ ನಮ್ಮ ತಾಲ್ಲೂಕಿಗೆ ಬನ್ನಿ. ಬಾಡೂಟ, ಬಣ, ಜಾತಿ ಲೆಕ್ಕ, ಶಾಸಕರ ಫೋನ್, ಯಾವುದಕ್ಕೂ ಕೊರತೆ ಇಲ್ಲ. ಸ್ವಂತ ಅನುಭವದಿಂದ ಹೇಳುತ್ತೇನೆ, ಪದಾಧಿಕಾರಿ ಆಗುವುದರ ದೊಡ್ಡ ಆಕರ್ಷಣೆ ಸಿದ್ಧಾಂತ ಅಲ್ಲ, ವರ್ಗಾವಣೆಯಿಂದ ರಕ್ಷಣೆ. ಜೊತೆಗೆ ಸಭೆ ಸಮ್ಮೇಳನಕ್ಕೆ ಒಒಡಿ, ಅಂದರೆ ರಜೆ ಹಾಕದೆ ಅನ್ಯ ಕರ್ತವ್ಯದ ಹೆಸರಲ್ಲಿ ಹೋಗುವ ಅನುಮತಿ. ಕಡ್ಡಾಯ ವರ್ಗಾವಣೆಯ ಹೊತ್ತಲ್ಲಿ ನಮ್ಮ ಕಡೆ ಪದಾಧಿಕಾರಿಗಳ ಪಟ್ಟಿ ಇದ್ದಕ್ಕಿದ್ದಂತೆ ಉದ್ದ ಆಗುತ್ತಿತ್ತು.

ನೇರ ರಾಜಕೀಯ ಪ್ರಭಾವ ಎಲ್ಲಿದೆ ಅಂದರೆ ವಿಧಾನ ಪರಿಷತ್ತಿನಲ್ಲಿ. 75 ಸ್ಥಾನದಲ್ಲಿ 7 ಶಿಕ್ಷಕರ ಕ್ಷೇತ್ರ, 7 ಪದವೀಧರರದ್ದು. ಬಸವರಾಜ ಹೊರಟ್ಟಿ ಅವರು 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಎಂಟು ಸಲ ಗೆದ್ದರು. 2022ರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತರೂ ಗೆದ್ದರು. ಪಕ್ಷ ಯಾವುದಾದರೇನು, ಮೇಷ್ಟ್ರುಗಳ ಕೆಲಸ ಮಾಡಿಕೊಡುವ ಮನುಷ್ಯ ಅಂತ ಮತ. ಇದರಲ್ಲಿ ಒಂದು ತಮಾಷೆ ಇದೆ. ಸಂವಿಧಾನದ 171ನೇ ವಿಧಿ ಪ್ರಕಾರ ಪ್ರೌಢಶಾಲೆಗಿಂತ ಕೆಳಗೆ ಕಲಿಸುವವರಿಗೆ ಆ ಮತ ಇಲ್ಲ. ಸರ್ಕಾರಿ ಶಿಕ್ಷಕರಲ್ಲಿ ಅತಿ ದೊಡ್ಡ ಗುಂಪು ಪ್ರಾಥಮಿಕ ಶಾಲೆಯವರು, ಅವರು ಹೊರಗೆ. ಒಳಗಿರುವವರಲ್ಲಿ ಖಾಸಗಿ, ಅನುದಾನಿತ ಸಂಸ್ಥೆಯವರು ಬಹಳ ಜನ. ಹಾಗಾಗಿ ಶಿಕ್ಷಕರ ಪ್ರತಿನಿಧಿ ಅಂತ ಹೋದವರು ಆಡಳಿತ ಮಂಡಳಿಗಳ ಮಾತನ್ನೂ ಕೇಳಬೇಕಾಗುತ್ತದೆ.

ಅತಿಥಿ ದೇವೋ

ನೀವೆಲ್ಲ ಮಾತಾಡ್ತಿರೋದು ಊಟಕ್ಕೆ ಕೂತವರ ಬಗ್ಗೆ. ಬಾಗಿಲಲ್ಲಿ ನಿಂತವರ ಬಗ್ಗೆ ಒಂದು ಮಾತು.

ನಾನು ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿ. ಪಕ್ಕದ ಕುರ್ಚಿಯ ಕಾಯಂ ಪ್ರಾಧ್ಯಾಪಕರದ್ದೇ ಪಾಠ, ಅವರದ್ದೇ ಪತ್ರಿಕೆ ಮೌಲ್ಯಮಾಪನ. ಪ್ರತಿ ವರ್ಷ ಕೌನ್ಸೆಲಿಂಗ್ ಬಂದಾಗ ಇರ್ತೀನೋ ಇಲ್ವೋ ಗೊತ್ತಿಲ್ಲ. ಸಂಘಕ್ಕೆ ನಾನು ನೌಕರಳೇ ಅಲ್ಲ. ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗರು, ಆಸ್ಪತ್ರೆಯ ಡಿ ಗ್ರೂಪ್, ಹಾಸ್ಟೆಲ್ ಅಡುಗೆಯವರು, ಯಾರೂ ಅಲ್ಲ. 2023ರ ಮಾರ್ಚ್ 1ರಂದು ಕಾಯಂ ನೌಕರರು ಮನೆಯಲ್ಲಿದ್ದಾಗ ಅನೇಕ ಕಡೆ ಕಚೇರಿ ತೆರೆದು ಕೂತದ್ದು ನಮ್ಮಂಥವರೇ. ಅವರಿಗೆ ಶೇ 17 ಬಂತು.

ಆದರೆ ಒಂದು ನೋಡಿ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟರು, 2025ರಲ್ಲಿ ಬೆಂಗಳೂರಿನಲ್ಲೇ 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ಪತ್ರ ಸಿಕ್ಕಿತು. ಇವರಿಗೆ ಮಂತ್ರಿಯ ಮನೆಗೆ ನೇರ ಪ್ರವೇಶ ಇರಲಿಲ್ಲ. ಜನ ಇವರನ್ನ ಬೈಯಲಿಲ್ಲ ಅನ್ನೋದು ಗಮನಿಸಿ. ಕಸ ಎತ್ತದಿದ್ದರೆ ಏನಾಗುತ್ತೆ ಅಂತ ಎರಡೇ ದಿನದಲ್ಲಿ ಬೀದಿಗೆ ಗೊತ್ತಾಯಿತು.

ಎನ್‌ಪಿಎಸ್ 2014

ಮೇಡಂ ನಿಮ್ಮ ಮಾತು ಚುಚ್ಚುತ್ತೆ, ಚುಚ್ಚಬೇಕಾದ್ದೇ. ಆದರೆ ಕಾಯಂ ಅಂದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಇಲ್ಲ.

2006ರ ಏಪ್ರಿಲ್ 1ರ ನಂತರ ಸೇರಿದ ನಾವು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಟ್ಟುತ್ತೇವೆ, ಸರ್ಕಾರ ಶೇ 14 ಹಾಕುತ್ತದೆ, ಮಾರುಕಟ್ಟೆಯಲ್ಲಿ ಅದು ಏನಾಗುತ್ತೋ ಅದು ನಮ್ಮ ಮುಪ್ಪು. ಅದಕ್ಕೂ ಮುಂಚಿನವರಿಗೆ ಏನೂ ಕಟ್ಟದೆ ಕೊನೇ ಸಂಬಳದ ಅರ್ಧ, ಮೇಲೆ ತುಟ್ಟಿಭತ್ಯೆ. 2022ರ ಡಿಸೆಂಬರ್‌ನಲ್ಲಿ ನಾವು ಫ್ರೀಡಂ ಪಾರ್ಕಿನಲ್ಲಿ ಕೂತೆವು. 2023ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಹಳೇ ಪಿಂಚಣಿಯನ್ನು ಸಹಾನುಭೂತಿಯಿಂದ ಪರಿಗಣಿಸುತ್ತೇವೆ ಅಂದಿತು. ಸಿಕ್ಕಿದ್ದು? 2024ರ ಜನವರಿಯಲ್ಲಿ ಸುಮಾರು 13 ಸಾವಿರ ಜನಕ್ಕೆ. 2006ಕ್ಕೆ ಮುಂಚೆಯೇ ಅಧಿಸೂಚನೆ ಆಗಿ ತಡವಾಗಿ ಸೇರಿದವರಿಗೆ ಮಾತ್ರ. ಉಳಿದವರಿಗೆ ಸಮಿತಿ. ಕೇಂದ್ರ 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ತಂದಿದೆ, 25 ವರ್ಷ ಸೇವೆಗೆ ಕೊನೇ 12 ತಿಂಗಳ ಸರಾಸರಿಯ ಅರ್ಧ ಖಾತ್ರಿ. ನಮ್ಮ ಹೋರಾಟಗಾರರಿಗೆ ಅದೂ ಬೇಡ, ಹಳೇದೇ ಬೇಕು.

ಸಂಘಕ್ಕೆ ಅಷ್ಟು ಪ್ರಭಾವ ಇದ್ದಿದ್ದರೆ ಇದು ಇಷ್ಟು ವರ್ಷ ಎಳೀತಿತ್ತಾ? ಈ ವರ್ಷದ ಬಜೆಟ್‌ಗೆ ತಟ್ಟುವ ಸಂಬಳ ಕೊಡ್ತಾರೆ. 30 ವರ್ಷ ತಟ್ಟುವ ಪಿಂಚಣಿಗೆ ಕೈ ಇಡಲ್ಲ.

ಸರಯೂ ಬಿ

> 30 ವರ್ಷ ತಟ್ಟುವ ಪಿಂಚಣಿಗೆ ಕೈ ಇಡಲ್ಲ

ಇಡಬಾರದು ಅಂತಲೇ ನನ್ನ ವಾದ. ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಒಂದೇ ಕೋಣೆಯಲ್ಲಿ ಎರಡು ಥರದ ಮುಪ್ಪು ಅನ್ಯಾಯವೇ. ಆದರೆ ಪಿಂಚಣಿಯೇ ಇಲ್ಲದ ನೂರಾರು ಜನ ತೆರಿಗೆ ಕಟ್ಟಿ ಒಬ್ಬರಿಗೆ ಖಾತ್ರಿ ಪಿಂಚಣಿ ಕೊಡಿ ಅಂದರೆ ಊರು ಒಪ್ಪಲ್ಲ. ವೃದ್ಧಾಪ್ಯ ವೇತನ ಎಷ್ಟು ಬರುತ್ತೆ ಅಂತ ನಿಮ್ಮ ಹಳ್ಳಿಯಲ್ಲಿ ಕೇಳಿ ನೋಡಿ.

ಎನ್‌ಪಿಎಸ್ 2014

ಶಾಸಕರಿಗೆ ಪಿಂಚಣಿ ಇದೆ. ಅದಕ್ಕೆ ಊರು ಒಪ್ಪಿತ್ತಾ?

ಸರಯೂ ಬಿ

ಇಲ್ಲ. ಅದನ್ನೂ ತೆಗೀಲಿ. ಮುಂದೆ?

ನಿರ್ವಾಹಕ

ಶಾಸಕರ ಪಿಂಚಣಿ ಬಗ್ಗೆ ಬಂದ ಏಳೆಂಟು ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇವೆ. ಜಾತಿ ಎತ್ತಿ ಬರೆದ ಎರಡನ್ನು ತೆಗೆದಿದ್ದೇವೆ.

ಕಲ್ಪತರು ನಾಡು

ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು ಹೇಳ್ತೀನಿ, ತಕರಾರಿದ್ದರೆ ಹೇಳಿ. ಖಜಾನೆಯವರು ಹೇಳಿದ ಮೇಜಿನ ಬಲ ನನಗೆ ಒಪ್ಪಿಗೆ ಆಯ್ತು. ರೈತ ಬೀದಿಗೆ ಬಂದರೆ ನಿಲ್ಲೋದು ರೈತನ ಕೆಲಸ. ಅವರು ಬೀದಿಗೆ ಬಂದರೆ ನಿಲ್ಲೋದು ಸರ್ಕಾರದ ಕೆಲಸ. ನಮಗೂ ಅವರಿಗೂ ಇರೋ ವ್ಯತ್ಯಾಸ ತಲೆ ಎಣಿಕೆಯಲ್ಲಿ ಇಲ್ಲ.

ಆದರೆ ಆ ಬಲವನ್ನ ಯಾತಕ್ಕೆ ಬಳಸ್ತಾರೆ ಅನ್ನೋದು ನನ್ನ ತಕರಾರು. ಎರಡೂವರೆ ಲಕ್ಷ ಹುದ್ದೆ ಖಾಲಿ ಬಿಟ್ಟು ಉಳಿದವರಿಗೆ ಸಂಬಳ ಏರಿಸೋದು ಸರ್ಕಾರಕ್ಕೂ ಅಗ್ಗ, ಸಂಘಕ್ಕೂ ಸಲೀಸು. ಹೊಸಬರು ಬಂದರೆ ಆ ದುಡ್ಡು ಹಂಚಿಹೋಗುತ್ತೆ. ಕೆಪಿಎಸ್‌ಸಿ ಅಧಿಸೂಚನೆಗೆ ಕಾಯ್ತಾ ಧಾರವಾಡದ ಕೋಚಿಂಗ್ ಸೆಂಟರುಗಳಲ್ಲಿ ವಯಸ್ಸು ಮೀರಿಸಿಕೊಂಡ ಹುಡುಗರು ಸಂಘದ ಸದಸ್ಯರಲ್ಲ. ಅವರ ಪರ ಯಾರೂ ಬಾಗಿಲು ಮುಚ್ಚಲ್ಲ.

ಹೋಬಳಿ ಕಥೆ

ಇದು ಸ್ವಲ್ಪ ಅನ್ಯಾಯದ ಮಾತು ಅಣ್ಣ. ಖಾಲಿ ಹುದ್ದೆ ತುಂಬಿ ಅನ್ನೋದು ನಮ್ಮ ಪ್ರತಿ ಮನವಿಯಲ್ಲೂ ಇರುತ್ತೆ. ಜಾಸ್ತಿ ಕೆಲಸ ಬೀಳೋದು ನಮ್ಮ ತಲೆ ಮೇಲೇ ತಾನೆ.

ಕಲ್ಪತರು ನಾಡು

ಮನವಿಯಲ್ಲಿ ಎಷ್ಟನೇ ಸಾಲಿನಲ್ಲಿ?

ಹೋಬಳಿ ಕಥೆ

ಅದು ಸರಿ. ಕೊನೇ ಪುಟದಲ್ಲಿ.

ರೂಟ್ ಬೋರ್ಡು

ನಾನೂ ಒಂದು ಕೇಳ್ತೀನಿ. ನೌಕರರು ರಾಜಕೀಯ ಮಾಡಬಾರದು ಅಂತ ನಡತೆ ನಿಯಮ ಇದೆ ಅಂತಾರಲ್ಲ, ಅದು ಬರೀ ಚಿಕ್ಕವರಿಗಾ?

ಗಡಿಶಾಲೆ ಮೇಷ್ಟ್ರು

1966ರ ನಿಯಮ ಹೋಗಿ 2021ರ ನಡತೆ ನಿಯಮ ಬಂದಿದೆ. ಪಕ್ಷದ ಸದಸ್ಯ ಆಗುವ ಹಾಗಿಲ್ಲ, ಪ್ರಚಾರ ಮಾಡುವ ಹಾಗಿಲ್ಲ, ಮುಷ್ಕರವೂ ಇಲ್ಲ. ಜಾರಿ ಹೇಗೆ ಅಂದರೆ, ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ ಮೇಷ್ಟ್ರಿಗೆ ನೋಟಿಸ್ ಬಂದದ್ದು ನಾನೇ ಕಂಡಿದ್ದೇನೆ. ಸಾವಿರಾರು ಜನ ಸೇರಿಸಿ ಮಂತ್ರಿಯ ಕೈಲಿ ದೀಪ ಹಚ್ಚಿಸಿದರೆ ಅದು ಸಮ್ಮೇಳನ.

ಅತಿಥಿ ದೇವೋ

ಮೇಷ್ಟ್ರೇ, ಪರಿಷತ್ತಿನ ವಿಷಯಕ್ಕೆ ವಾಪಸ್ ಬರ್ತೀನಿ. ಪದವೀಧರ ಕ್ಷೇತ್ರದಲ್ಲಿ ನನ್ನಂಥವರಿಗೂ, ಆ ಕೋಚಿಂಗ್ ಸೆಂಟರಿನ ಹುಡುಗರಿಗೂ ಮತ ಇದೆ. ಪದವಿ ಮುಗಿದು ಮೂರು ವರ್ಷ ಆಗಿದ್ದರೆ ಸಾಕು. ಆದರೆ ಆ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಮಾಡ್ತಾರೆ. ಹಳೇ ಪಟ್ಟಿಯಲ್ಲಿ ಹೆಸರಿತ್ತು ಅಂತ ಸುಮ್ಮನಿದ್ದರೆ ಇಲ್ಲ. ನಮೂನೆ 18 ಮತ್ತೆ ತುಂಬಬೇಕು. ಸಂಘ, ಶಿಕ್ಷಣ ಸಂಸ್ಥೆ ಇರುವವರು ಕಟ್ಟುಗಟ್ಟಲೆ ತುಂಬಿಸಿ ಕೊಡ್ತಾರೆ, ಬಿಡಿಬಿಡಿಯಾಗಿ ಇರೋರು ಮರೀತಾರೆ. ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ, ದಾವಣಗೆರೆಯ ಒಂದಷ್ಟು ಭಾಗದವರದ್ದು ಆಗ್ನೇಯ ಪದವೀಧರ ಕ್ಷೇತ್ರ. ಹಿಂದಿನ ಚುನಾವಣೆ 2020ರ ಅಕ್ಟೋಬರ್‌ನಲ್ಲಿ, ಅವಧಿ ಆರು ವರ್ಷ. ಕಲ್ಪತರು ಅವರೇ, ನಿಮ್ಮದು ಅದೇ ಕ್ಷೇತ್ರ ಅಲ್ವಾ?

ಕಲ್ಪತರು ನಾಡು

ಹೌದು. ಬಿಕಾಂ ಮುಗಿಸಿ ಎಷ್ಟೋ ವರ್ಷ ಆಯ್ತು, ಒಂದು ಸಲವೂ ತುಂಬಿಲ್ಲ. ಯಾರೂ ಬಂದು ಕೇಳಿಲ್ಲ ಕೂಡ.

ಪೇಡೆ ಅಂಗಡಿ

ನಮ್ಮ ಕಡೆ ಪಶ್ಚಿಮ ಪದವೀಧರ. ಅದೂ 2020ದ್ದ. ಆ ನಮೂನೆ ಎಲ್ಲಿ ಕೊಡಬೇಕ್ರಿ ಮೇಡಂ? ಮತ್ತ ಅದ ತಹಶೀಲ್ದಾರ್ ಕಚೇರಿಗೇ ಹೋಗೂದೇನು?

ಅತಿಥಿ ದೇವೋ

ತಹಶೀಲ್ದಾರ್ ಕಚೇರಿಯಲ್ಲೂ ತಗೋತಾರೆ. ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ಪ್ರತಿ, ಅದರ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು.